ಹಲ್ಲಿನ ಸೂಜಿ, ಅವ್ವನ ಕಿವಿ

ನನ್ನ ಅವ್ವನ ಬಲಗಿವಿ ಹಿಂದಿನ ದಿನ ಇತ್ತು, ಮರುದಿನ ಇರಲಿಲ್ಲ. ಇಷ್ಟು ಸರಳವಾದ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ. ಹೆಚ್ಚಿನವರು ಕೊರಳಲ್ಲಿ ಸ್ಟೆತಸ್ಕೋಪ್ ಹಾಕಿಕೊಂಡವರು. ಅರ್ಧ ಕೇಳುತ್ತಿದ್ದರು, ತಲೆ ಆಡಿಸುತ್ತಿದ್ದರು, ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ.

"ನಿಮ್ಮ ಮನ್ಯಾಗ ಪಾವರ್‌ಲೂಮ್ ಅದಾವೇನ್ರಿ?"

ಅದಾವ್ರಿ. ಇಳಕಲ್ಲಿನ ನೇಕಾರರ ಮನೆಯಲ್ಲಿ ಮಗ್ಗ ಇರದೆ ಹಡಗು ಇರುತ್ತದೆಯೇ? ಮಗ್ಗ ಅಂದ ಕೂಡಲೇ ಅವರ ಮುಖ ನಿರಾಳವಾಗುತ್ತಿತ್ತು. ಉತ್ತರ ಸಿಕ್ಕಿತು, ಮುಂದಿನವರನ್ನು ಕರೆಯಿರಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಖರೆ ಇರಬಹುದು. ಆದರೆ ಈ ಒಂದು ಸಿಟ್ಟನ್ನು ನಾನು ಯಾರ ಮುಂದೆಯೂ ತಪ್ಪೆಂದು ಒಪ್ಪಿಲ್ಲ.

ನಾನು ಆಗ ಹುನಗುಂದದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡನ ಮನೆಯೂ ಅಲ್ಲೇ. ತವರು ಇಳಕಲ್ಲು, ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಅಪ್ಪನ ಕಾಲಕ್ಕೆ ನಮ್ಮದು ಕೈಮಗ್ಗ, ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಆ ಕುಣಿ ಮುಚ್ಚಿಸಿ, ಹಿತ್ತಲಲ್ಲಿ ಪತ್ರಾಸಿನ ತಗಡಿನ ಶೆಡ್ಡು ಹಾಕಿಸಿ ನಾಲ್ಕು ಪಾವರ್‌ಲೂಮ್ ತಂದ. ಅವ್ವ ಅವುಗಳ ಪಕ್ಕದಲ್ಲೇ ಕುಳಿತು ಲಾಳಿಯಲ್ಲಿ ಕೂರಿಸುವ ಕಂಡಕಿಗೆ ನೂಲು ಸುತ್ತುತ್ತಿದ್ದಳು. ನಾಲ್ಕೂ ಮಗ್ಗ ಒಟ್ಟಿಗೆ ಓಡಿದರೆ ಬಾಯಿ ತೆರೆದು ಒದರಿದರೂ ಪಕ್ಕದವರಿಗೆ ಕೇಳುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಮಾತೆಲ್ಲ ಕೈಯದು. ಎರಡು ಬೆರಳು ಅಗಲಿಸಿದರೆ ಎಳೆ ಹರಿದಿದೆ. ಹೆಬ್ಬೆರಳು ಬಾಯಿಗೆ ಹಿಡಿದರೆ ನೀರು. ಹಣೆಗೆ ಅಂಗೈ ಇಟ್ಟರೆ ಸಾಕಾಗಿದೆ, ಬಿಡೋಣ. ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳುವುದು. ಅವ್ವ ಇದರಲ್ಲಿ ಎಷ್ಟು ಪಳಗಿದ್ದಳೆಂದರೆ, ಬೀದಿಯ ಆ ಕಡೆ ಕಟ್ಟೆಯ ಮೇಲೆ ಕುಳಿತ ಹೆಂಗಸರು ಯಾರನ್ನು ಬಯ್ಯುತ್ತಿದ್ದಾರೆ ಅಂತ ಈ ಕಡೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ನಾವು ಅದನ್ನು ಹೇಳಿಕೊಂಡು ನಗುತ್ತಿದ್ದೆವು.

ಅಮಾವಾಸ್ಯೆಗೆ ಮಾತ್ರ ಮಗ್ಗ ಬಂದ್. ಅಪ್ಪನ ಕಾಲದಿಂದ ಬಂದ ಪದ್ಧತಿ, ಅಣ್ಣನೂ ಬಿಟ್ಟಿರಲಿಲ್ಲ. ಮದುವೆ ಮಾತುಕತೆ, ಬೀಗರ ಮನೆ, ದವಾಖಾನೆ, ತಿಂಗಳಿಡೀ ಮುಂದೂಡಿದ ಕೆಲಸವೆಲ್ಲ ಆ ಒಂದೇ ದಿನ. ಅವ್ವನ ಹಲ್ಲು ಕೀಳಿಸಿದ್ದೂ ಒಂದು ಅಮಾವಾಸ್ಯೆಯಂದೇ. ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿತ್ತು.

ಕರೆದುಕೊಂಡು ಹೋದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಲಗಡೆ ಕೆಳದವಡೆಯ ಹಲ್ಲು ಹುಳುಕಾಗಿ, ಅವ್ವ ಲವಂಗ ಕಚ್ಚಿಕೊಂಡು ತಿಂಗಳುಗಟ್ಟಲೆ ದಿನ ದೂಡಿದ್ದಳು. ಸೂಜಿಯೆಂದರೆ ಅವಳಿಗೆ ಹೆದರಿಕೆ. ನಾನೇ ಅರ್ಧ ದಿನ ರಜೆ ಹಾಕಿ ಬಂದು ಗದರಿಸಿದೆ. "ಏನೂ ಆಗೂದಿಲ್ಲ ಯವ್ವಾ, ಸೂಜಿ ಹಾಕಿದ್ರ ನೋವ ಗೊತ್ತಾಗೂದಿಲ್ಲ." ಶಾಲೆಯ ಮಕ್ಕಳಿಗೆ ಹೇಳುವ ಧಾಟಿಯಲ್ಲೇ ಹೇಳಿದೆ.

ಹಲ್ಲಿನ ಡಾಕ್ಟರು ವಸಡಿಗೆ ಸೂಜಿ ಚುಚ್ಚಿದರು. ಜೋಮು ಸರಿಯಾಗಿ ಹಿಡಿಯಲಿಲ್ಲವೆಂದು ಇನ್ನೊಮ್ಮೆ ಚುಚ್ಚಿದರು. ಹಲ್ಲು ಬಂತು. ಅವ್ವನಿಗೆ ನೋವು ಗೊತ್ತೇ ಆಗಲಿಲ್ಲ. ಮನೆಗೆ ಬಂದು ಗಂಜಿ ಕುಡಿಯಲು ಹೋದರೆ ಗಲ್ಲದ ಮೇಲೆ ಇಳಿಯಿತು. "ಈ ತುಟಿ ನಂದ ಅಲ್ಲೇನೋ ಅನ್ನಸ್ತೈತಿ ನೋಡ" ಎಂದು ನಕ್ಕಳು. ಸಂಜೆಯ ಹೊತ್ತಿಗೆ ತುಟಿ ಅವಳದೇ ಆಯಿತು. ನಾನು ದೊಡ್ಡ ಕೆಲಸ ಮಾಡಿದವಳಂತೆ ಬೀಗುತ್ತ ಹುನಗುಂದದ ಬಸ್ಸು ಹತ್ತಿದೆ.

ಮರುದಿನ ಮುಂಜಾನೆ ಅವ್ವ ಎದ್ದು ನಿಂತರೆ ಮನೆ ತಿರುಗಿತಂತೆ. ಗೋಡೆ ಹಿಡಿದು ಕುಳಿತಳು, ಎರಡು ಸಲ ವಾಂತಿಯಾಯಿತು. ಬಲಗಿವಿಯಲ್ಲಿ ನೀರು ತುಂಬಿದಂತೆ ಬಿಗಿತ, ಒಳಗೆ ಗುಂಯ್ ಎನ್ನುವ ಸಪ್ಪಳ. ರಾತ್ರಿ ಊಟ ಬಿಟ್ಟಿದ್ದಕ್ಕೆ ಪಿತ್ತ ಕೆರಳಿದೆ ಎಂದು ಅಣ್ಣ ಮಜ್ಜಿಗೆ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗುವುದು ಕಡಿಮೆಯಾಯಿತು, ಅವ್ವ ಹೋಗಿ ಕಂಡಕಿಯ ಮುಂದೆ ಕುಳಿತಳು. ಕಿವಿಯ ವಿಷಯ ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದರೆ, ತುಟಿಯ ಜೋಮು ಇಳಿಯಿತಲ್ಲ, ಕಿವಿಯ ಜೋಮೂ ಹಾಗೆಯೇ ಇಳಿಯುತ್ತದೆ ಅಂದುಕೊಂಡಳು. ಕಿವಿ ಒಳಗಿರುವುದು, ತಡವಾಗಿ ಇಳಿಯುತ್ತದೆ. ದಿನಾ ಮುಂಜಾನೆ ಎದ್ದು ಬಲಗಿವಿಯ ಹತ್ತಿರ ಎರಡು ಬೆರಳು ತಿಕ್ಕಿ, ಇಳಿಯಿತೇ ಅಂತ ನೋಡುತ್ತಿದ್ದಳಂತೆ. ಹೀಗೆ ಎಷ್ಟು ದಿನ? ಇಪ್ಪತ್ತೆಂಟು, ಇಪ್ಪತ್ತೊಂಬತ್ತು ದಿನ. ಯಾರಿಗೂ ತೊಂದರೆ ಕೊಡದೆ, ಒಬ್ಬಳೇ, ಬೆರಳು ತಿಕ್ಕುತ್ತ.

ಮನೆಯಲ್ಲಿ ಅವ್ವನ ಜೊತೆ ಅಣ್ಣನ ಸಂಸಾರ, ನಾಲ್ಕು ಜನ ಇದ್ದರು. ಒಬ್ಬರಿಗೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಬೇರೆ ಮನೆಯಾಗಿದ್ದರೆ ಎರಡನೆಯ ದಿನಕ್ಕೇ ಸಿಕ್ಕಿಬೀಳುತ್ತಿತ್ತು. ಕರೆದರೆ ಓ ಅನ್ನುತ್ತಿಲ್ಲ, ಕೇಳಿದ್ದಕ್ಕೆ ಏನೋ ಉತ್ತರ ಕೊಡುತ್ತಾಳೆ ಅಂತ ಯಾರಾದರೂ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರು ಯಾರನ್ನು ಬಾಯಿಂದ ಕರೆಯುತ್ತಾರೆ? ಎರಡು ಬೆರಳು ಅಗಲಿಸಿದರು, ಅವಳು ಎದ್ದಳು. ಹೆಬ್ಬೆರಳು ತೋರಿಸಿದರು, ನೀರು ತಂದಳು. ಕರೆಂಟು ಹೋದಾಗ ಮಗ್ಗ ನಿಲ್ಲುತ್ತಿತ್ತು ನಿಜ, ಆದರೆ ಅಣ್ಣ ಚಹಾದಂಗಡಿಗೆ ಓಡುತ್ತಿದ್ದ, ಅವಳು ಅಡಿಗೆಮನೆಗೆ.

ಮತ್ತೆ ನಾನು. ಹಲ್ಲು ಕೀಳಿಸಿದ ಆರನೆಯ ದಿನಕ್ಕೆ ರವಿವಾರ ಬಂತು, ತವರಿಗೆ ಹೋಗಿದ್ದೆ. ಶೆಡ್ಡಿನ ಬಾಗಿಲಲ್ಲಿ ನಿಂತು ಗಲ್ಲ ಮುಟ್ಟಿ ತೋರಿಸಿ, ಹೇಗಿದೆ ಅಂತ ಕೈಯಲ್ಲೇ ಕೇಳಿದೆ. ಅವಳು ಕೈಯಲ್ಲೇ, ಆರಾಮ ಇದ್ದೇನಿ ಅಂದಳು. ನಾನು ರೊಟ್ಟಿ ಉಂಡು, ಒಂದು ಜೊತೆ ಕುಪ್ಪಸದ ಬಟ್ಟೆ ಆರಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸ್ಸು. ಆಮೇಲಿನ ಮೂರು ರವಿವಾರ ಪರೀಕ್ಷೆಯ ಪೇಪರು ತಿದ್ದುವುದಿತ್ತು, ಹೋಗಲಿಲ್ಲ. ಪದವಿ ಓದಿದವಳು, ಮಕ್ಕಳಿಗೆ ಪಂಚೇಂದ್ರಿಯಗಳ ಪಾಠ ಮಾಡುವವಳು, ಹೆತ್ತವಳ ಕಿವಿ ಹೋದದ್ದನ್ನು ಎದುರಿಗೆ ನಿಂತೂ ಕಾಣದೆ, ಕುಪ್ಪಸದ ಬಟ್ಟೆ ತೆಗೆದುಕೊಂಡು ಬಂದೆ. ಡಾಕ್ಟರರ ಮೇಲಿನ ಸಿಟ್ಟಿಗಿಂತ ಇದು ಹೆಚ್ಚು ಸುಡುತ್ತದೆ.

ಮುಂದಿನ ಅಮಾವಾಸ್ಯೆ ಬಂತು. ಮಗ್ಗ ನಿಂತವು, ಮನೆಯಲ್ಲಿ ಮಾತು ಕೇಳತೊಡಗಿತು. ಅವ್ವ ನಡುಮನೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಅಣ್ಣ ಅವಳ ಬಲಗಡೆಯಿಂದ ಬಂದು ಕೀಲಿಕೈ ಎಲ್ಲಿ ಅಂತ ಕೇಳಿದ. ಮೂರು ಸಲ ಕೇಳಿದ. ಸಿಟ್ಟಾಗಿದ್ದಾಳೆ ಅಂದುಕೊಂಡು ಮುಂದೆ ಬಂದು ಕುಳಿತು, "ಯಾಕಬೇ, ನಾ ಏನ್ ಮಾಡೇನಿ?" ಅಂದ. ಆಗ ಅವ್ವ ಅಳಲಿಕ್ಕೆ ಶುರು ಮಾಡಿದಳು. "ಇನ್ನೂ ಇಳಿವಲ್ದೋ ಅಪ್ಪಾ, ಈ ಕಿವಿ ಜೋಮ ಇನ್ನೂ ಇಳಿವಲ್ದು."

ಮರುದಿನವೇ ಬಾಗಲಕೋಟೆಗೆ ಕರೆದುಕೊಂಡು ಹೋದೆವು. ಕಿವಿಯ ಡಾಕ್ಟರು ಯಂತ್ರ ಹಚ್ಚಿ ನೋಡಿದರು. ಎಡಗಿವಿ ವಯಸ್ಸಿಗೆ ತಕ್ಕಷ್ಟು, ಸ್ವಲ್ಪ ಮಂದ. ಬಲಗಿವಿಯಲ್ಲಿ ಏನೇನೂ ಇಲ್ಲ.

"ಒಂದೆರಡು ವಾರದಾಗ ಬಂದಿದ್ರ ಗುಳಿಗಿ ಕೊಟ್ಟ ನೋಡಬಹುದಿತ್ತು. ಕೆಲವರಿಗೆ ತಿರುಗಿ ಬರ್ತೈತಿ. ಈಗ ತಡ ಆತು" ಅಂದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನಮ್ಮದು ಅದೇ. ಆಮೇಲೆ ಅವರು ಬರೆಯಲು ಪೆನ್ನು ತೆಗೆದುಕೊಂಡರು, ಆ ಪ್ರಶ್ನೆ ಕೇಳಿದರು. ಪಾವರ್‌ಲೂಮ್ ಅದಾವೇನ್ರಿ?

"ಸಾಹೇಬ್ರ, ಹಲ್ಲ ಕಿತ್ತಿಸಿದ ಮರುದಿನನ ಹೋಗೇತ್ರಿ. ಸೂಜಿ ಹಾಕಿದ್ರು, ಎರಡ ಸಲ" ಅಂದೆ.

"ಅದಕ್ಕೂ ಇದಕ್ಕೂ ಏನ ಸಂಬಂಧ? ಇದು ಮಗ್ಗದ ಕಿವಿ. ನಿಮ್ಮ ಊರವ್ರನ್ನ ನಾ ದಿನಾ ನೋಡ್ತೇನಿ."

"ಮಗ್ಗ ಒಂದ ಕಿವಿಗೆ ಅಷ್ಟ ಹೊಡಿತೈತೇನ್ರಿ? ಒಂದ ರಾತ್ರ್ಯಾಗ ಹೊಡಿತೈತೇನ್ರಿ?"

ಅವರು ನನ್ನತ್ತ ನೋಡಲಿಲ್ಲ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದರು. ಹೊರಗೆ ಬಂದು ಓದಿದೆ. ಗದ್ದಲದಲ್ಲಿ ದುಡಿದು ಬಂದ ಕಿವುಡು ಎಂಬ ಅರ್ಥದ ಮಾತು. ಹಲ್ಲಿನ ಸುದ್ದಿ ಇಲ್ಲ, ಸೂಜಿಯ ಸುದ್ದಿ ಇಲ್ಲ, ತಲೆ ತಿರುಗಿದ್ದರ ಸುದ್ದಿಯೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಏನು ಅಂತ ಅವತ್ತು ಬಸ್‌ ಸ್ಟ್ಯಾಂಡಿನಲ್ಲಿ ನಿಂತು ತಿಳಿದುಕೊಂಡೆ.

ಇಳಕಲ್ಲಿನ ಹಲ್ಲಿನ ಡಾಕ್ಟರ ಹತ್ತಿರವೂ ಹೋದೆ. "ಅಕ್ಕೋರ, ನಾ ಸೂಜಿ ಹಾಕಿದ್ದು ವಸಡಿಗೆ, ಕಿವಿಗಲ್ಲ" ಎಂದು ನಕ್ಕರು. ದಿನಾ ಎಷ್ಟು ಜನರಿಗೆ ಹಾಕುತ್ತೇನೆ, ಯಾರ ಕಿವಿ ಹೋಗಿದೆ ತೋರಿಸಿ ಅಂದರು. ನಾನು ಅವ್ವನನ್ನು ತೋರಿಸಿದೆ. ಅವರು ಮುಂದಿನವರನ್ನು ಕರೆದರು. ಕೆರೂರಿನಿಂದ ಬಂದ ಚಿಕ್ಕವ್ವನ ಬಳಿ ಬೇರೆಯೇ ಉತ್ತರವಿತ್ತು. "ಅಮಾಸಿ ದಿನ ರಕ್ತ ಹರಿಸ್ಯಾರ, ಇನ್ನೇನಾಕ್ಕೈತಿ" ಎಂದು ನನ್ನ ಮೋರೆಗೇ ಅಂದು, ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಳು. ಕಿವಿಯ ಹೊರಗೆ ಗುಳ್ಳೆ ಎದ್ದವು, ಅಷ್ಟೇ. ಮಗ್ಗ, ಅಮಾವಾಸ್ಯೆ, ಪಿತ್ತ, ಅವ್ವನ ಹಣೆಬರಹ. ಎಲ್ಲವೂ ಕಾರಣವಾಗಬಹುದು, ಆ ಸೂಜಿಯೊಳಗಿನ ಮದ್ದೊಂದನ್ನು ಬಿಟ್ಟು.

ಅವ್ವ ಹೊಂದಿಕೊಂಡಳು. ಹೊಂದಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಕೂರುವಾಗ ಬಲಗಡೆ ಗೋಡೆ ಬರುವಂತೆ ಕೂರತೊಡಗಿದಳು. ರಸ್ತೆಗೆ ಇಳಿದರೆ ನನ್ನನ್ನು ಬಲಗಡೆ ಇಟ್ಟುಕೊಳ್ಳುತ್ತಿದ್ದಳು, ಲಾರಿ ಯಾವ ಕಡೆಯಿಂದ ಬರುತ್ತಿದೆ ಅಂತ ತಿಳಿಯುತ್ತಿರಲಿಲ್ಲ. ಆದರೆ ಆ ಗುಂಯ್ ನಿಲ್ಲಲಿಲ್ಲ. "ಮಗ್ಗ ಬಂದ್ ಮಾಡಿದ್ರೂ ನನಗ ಬಂದ್ ಆಗಂಗಿಲ್ಲ" ಅನ್ನುತ್ತಿದ್ದಳು. ಎಲ್ಲರಿಗೂ ತಿಂಗಳಿಗೊಂದು ದಿನವಾದರೂ ಸಿಗುತ್ತಿದ್ದ ಶಾಂತಿ ಅವಳಿಗೆ ಇಲ್ಲವಾಯಿತು.

ನಾಲ್ಕು ವರ್ಷಗಳ ಮೇಲೆ ನಮ್ಮ ಶಾಲೆಯಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಮಕ್ಕಳ ಕಿವಿ ನೋಡಲು ಬಂದವಳು ಒಬ್ಬ ತರುಣಿ ಡಾಕ್ಟರು, ಕಿವಿಯ ವಿಷಯದಲ್ಲೇ ಮೇಲಿನ ಓದು ಓದುತ್ತಿದ್ದಳು. ಚಹಾ ಕುಡಿಯುವಾಗ ನಿಮ್ಮ ಓದಿನ ಕೊನೆಗೆ ಬರೆಯುವ ಪ್ರಬಂಧ ಯಾವುದರ ಮೇಲೆ ಅಂತ ಸುಮ್ಮನೆ ಕೇಳಿದೆ. ಮೈಯ ಒಂದು ಭಾಗವನ್ನಷ್ಟೇ ಮರಗಟ್ಟಿಸಲು ಕೊಡುವ ಸೂಜಿಮದ್ದಿಗೂ ದಿಢೀರನೆ ಕಿವಿ ಹೋಗುವುದಕ್ಕೂ ಏನಾದರೂ ನಂಟು ಉಂಟೇ ಅಂತ ನೋಡುತ್ತಿದ್ದೇನೆ ಅಂದಳು. ಬೆನ್ನಿಗೆ ಸೂಜಿ ಹಾಕಿಸಿಕೊಂಡವರು, ಹಲ್ಲಿಗೆ ಹಾಕಿಸಿಕೊಂಡವರು, ಆಮೇಲೆ ಕಿವಿ ಮಂದವಾದವರು. ಅಪರೂಪ, ಆದರೆ ಅಲ್ಲೊಬ್ಬರು ಇಲ್ಲೊಬ್ಬರು ಇಂಥವರನ್ನು ಡಾಕ್ಟರರು ಕಂಡು ಬರೆದಿದ್ದಾರಂತೆ. ಇನ್ನೊಂದು ಮಾತೂ ಹೇಳಿದಳು. ಇದೇ ಮದ್ದನ್ನು ಕಿವಿಯ ಗುಂಯ್ ಇಳಿಸಲೆಂದು ರಕ್ತನಾಳಕ್ಕೆ ಕೊಟ್ಟು ನೋಡಿದವರೂ ಇದ್ದಾರಂತೆ. ಹಾಗಾದರೆ ಈ ಮದ್ದು ಕಿವಿಯನ್ನೂ ಮುಟ್ಟುತ್ತದೆ ಎಂದುಕೊಂಡು, ಕಪ್ಪು ಕೆಳಗಿಟ್ಟು ಅವ್ವನ ಕತೆಯೆಲ್ಲ ಅವಳಿಗೆ ಹೇಳಿದೆ. ಅಷ್ಟು ವರ್ಷ ಎಲ್ಲರೂ ನನ್ನನ್ನು ಹುಚ್ಚಿಯಂತೆ ನೋಡಿದ್ದರು.

ಅವಳು ಇಳಕಲ್ಲಿಗೆ ಬಂದಳು. ಅವ್ವನ ಎದುರು ಚಾಪೆಯ ಮೇಲೆ ಕುಳಿತು ಎಲ್ಲ ಕೇಳಿದಳು, ಎಲ್ಲ ಬರೆದುಕೊಂಡಳು. ಎಷ್ಟು ಸಲ ಚುಚ್ಚಿದರು, ಎಷ್ಟು ಹೊತ್ತಿಗೆ ತಲೆ ತಿರುಗಿತು, ಯಾವ ಕಡೆ. ಅವ್ವ ಸಂಭ್ರಮದಿಂದ ರೊಟ್ಟಿ, ಎಣಗಾಯಿ ಮಾಡಿ ಬಡಿಸಿದಳು. ತನ್ನ ಮಾತನ್ನು ಯಾರೋ ಬರೆದುಕೊಳ್ಳುತ್ತಿರುವುದು ಅವಳ ಜನ್ಮದಲ್ಲಿ ಅದೇ ಮೊದಲು.

ಎರಡು ತಿಂಗಳಿಗೆ ನಾನು ಬಾಗಲಕೋಟೆಗೆ, ಅವಳು ಓದುತ್ತಿದ್ದ ದವಾಖಾನೆಗೇ ಹೋಗಿ ಅವಳನ್ನು ಕಂಡೆ. ಮುಖ ನೋಡಿದ ಕೂಡಲೇ ತಿಳಿಯಿತು.

"ಅಕ್ಕೋರ, ನಿಮ್ಮ ಅವ್ವಾರನ್ನ ಕೈಬಿಡಬೇಕಾತ್ರಿ. ಗದ್ದಲದಾಗ ದುಡಿಯೋರನ್ನ ತಗೊಳ್ಳೂ ಹಂಗಿಲ್ಲಂತ ಮೊದಲ ನಿಯಮ ಹಾಕ್ಕೊಂಡೀವಿ. ಮಗ್ಗ ಇದ್ದಲ್ಲಿ ಕಿವಿ ಸೂಜಿಲೇ ಹೋತು ಅಂತ ಹೇಳಾಕ ಬರಂಗಿಲ್ರಿ."

"ಒಂದ ಕಿವಿ! ಒಂದ ದಿನದಾಗ!"

"ನನಗ ಗೊತ್ತೈತ್ರಿ. ನಮ್ಮ ಸರ್ ಒಪ್ಪಲಿಲ್ಲ. ಅವರ ಮಾತಿನಾಗೂ ತಪ್ಪಿಲ್ರಿ."

ಅವಳ ಮೇಲೆ ಒದರಿದೆ. ಆ ಉದ್ದನೆಯ ಪಡಸಾಲೆಯಲ್ಲಿ ಸಾಲಾಗಿ ಕುಳಿತ ರೋಗಿಗಳೆಲ್ಲ ತಿರುಗಿ ನೋಡುವಂತೆ ಒದರಿದೆ. ಹಾಗಾದರೆ ಇಳಕಲ್ಲಿನಲ್ಲಿ ಯಾರ ಕಿವಿ ಹೋದರೂ ಅದು ಮಗ್ಗದ್ದೇ? ನಾಳೆ ಯಾರಾದರೂ ಕಿವಿ ಕೊಯ್ದುಕೊಂಡು ಹೋದರೂ ಮಗ್ಗವೇ ಕೊಯ್ದಿತು ಅಂತ ಬರೆಯುತ್ತೀರಾ? ದುಡಿದವರ ಕಿವಿ ಮೊದಲೇ ಕೆಟ್ಟದ್ದು, ಅದನ್ನು ಮತ್ತೆ ಕೆಡಿಸಲು ಬರುವುದಿಲ್ಲ, ಅಲ್ಲವೇ? ಆ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅವಳದೇನೂ ತಪ್ಪಿರಲಿಲ್ಲ. ಅವರ ನಿಯಮವೂ ನನಗೆ ಅರ್ಥವಾಗಿತ್ತು, ನಾನೇನು ದಡ್ಡಿಯಲ್ಲ. ಎರಡು ಕಾರಣ ಇದ್ದಲ್ಲಿ ಒಂದನ್ನು ಬೊಟ್ಟು ಮಾಡಲು ಆಗದು. ಅರ್ಥವಾದದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಅರ್ಥವಾಗದಿದ್ದರೆ ಬೈದು ಹಗುರಾಗಿ ಮನೆಗೆ ಬರುತ್ತಿದ್ದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ.

"ಹಂಗಾರ ಅಕಿ ಪುಸ್ತಕದಾಗ ನಾ ಇಲ್ಲೇನ?"

"ಇಲ್ಲ ಯವ್ವಾ."

"ಮೂರ ರೊಟ್ಟಿ ಉಂಡ್ಲಲ್ಲವಾ ಅಕಿ" ಅಂದಳು. ನಗಿಸಲೆಂದೇ ಹೇಳಿದ್ದು. ನಕ್ಕೆ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಮರುವರ್ಷ ಅವ್ವನ ಎಡಗಡೆಯ ದವಡೆಹಲ್ಲು ನೋಯತೊಡಗಿತು. ವಸಡು ಬಾತು ಕೀವು ತುಂಬಿತು. ಗುಳಿಗೆ ನುಂಗಿದರೆ ನಾಲ್ಕು ದಿನ ಇಳಿಯುವುದು, ಮತ್ತೆ ಬರುವುದು. ಕೀಳಿಸಲೇಬೇಕು. ಕೀಳಿಸಬೇಕೆಂದರೆ ಸೂಜಿ ಹಾಕಿಸಬೇಕು. ಅವಳಿಗೆ ಉಳಿದಿದ್ದದ್ದು ಎಡಗಿವಿ ಒಂದೇ.

ಆ ತರುಣಿ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಮತ್ತೆ ಆ ಸೂಜಿ ಹಾಕಿಸಬಹುದೇ, ಬೇಡವೇ? "ಹೇಳಾಕ ಬರಂಗಿಲ್ಲ ಅಕ್ಕೋರ" ಅಂದಳು. ಇಂಥವರನ್ನು ಕೂಡಿಸಿ ನೋಡಿದರೆ ತಾನೇ ಹೇಳಲು ಬರುವುದು? ಕೂಡಿಸುವಾಗ ನಮ್ಮನ್ನು ಹೊರಗಿಟ್ಟರು, ಈಗ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. ಇಳಕಲ್ಲಿನ ಡಾಕ್ಟರು ಸೂಜಿ ಹಾಕದೆ ಹಲ್ಲು ಮುಟ್ಟುವುದೇ ಇಲ್ಲ ಎಂದರು.

ಬಾದಾಮಿಯಲ್ಲಿ ಒಬ್ಬ ವಯಸ್ಸಾದ ಹಲ್ಲಿನ ಡಾಕ್ಟರಿದ್ದಾರೆ, ಮಾತು ಕೇಳುತ್ತಾರೆ ಎಂದು ನನ್ನ ಜೊತೆಯ ಶಿಕ್ಷಕಿ ಹೇಳಿದಳು. ಕರೆದುಕೊಂಡು ಹೋದೆ. ಅವರು ಪೂರ್ತಿ ಕೇಳಿದರು. ಮಗ್ಗದ ವಿಷಯ ನಾನೇ ಹೇಳಬೇಕಾಯಿತು.

"ತಾಯಿ, ಸೂಜಿಲೇ ಹೋತು ಅಂತ ನಾ ಹೇಳಂಗಿಲ್ಲ, ಸೂಜಿಲೇ ಹೋಗಿಲ್ಲ ಅಂತನೂ ಹೇಳಂಗಿಲ್ಲ. ನನಗ ಗೊತ್ತಿಲ್ಲ" ಅಂದರು. ಅಷ್ಟು ವರ್ಷಗಳಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಅದೊಂದೇ. ದೊಡ್ಡ ದವಾಖಾನೆಯಲ್ಲಿ ಪೂರ್ತಿ ಎಚ್ಚರ ತಪ್ಪಿಸಿ ತೆಗೆಯಬಹುದು, ಬರೆದುಕೊಡಲೇ ಎಂದು ಕೇಳಿದರು. ಅವ್ವ ಅವರ ತುಟಿಯನ್ನೇ ನೋಡುತ್ತಿದ್ದಳು.

"ಯಾವ ಸೂಜಿನೂ ಬ್ಯಾಡ್ರಿ. ಇರೂದು ಒಂದ ಕಿವಿ, ಅದನ್ನ ಜೂಜಿಗೆ ಹಚ್ಚಂಗಿಲ್ಲ ನಾ. ಹಲ್ಲ ಅಳ್ಳಾಡಾಕತ್ತೈತಿ. ಹಂಗ ಕೀಳ್ರಿ."

ನಾನು ಬೇಡವೆಂದೆ. ಬೈದೆ. ಅತ್ತೆ. "ನೋವ ಇವತ್ತ ಇರ್ತೈತಿ, ನಾಳಿಗಿ ಹೋಕ್ಕೈತಿ. ಕಿವಿ ಹೋದ್ರ ಬರ್ತೈತೇನ?" ಅಂದಳು.

ಡಾಕ್ಟರು ಒಪ್ಪಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ನನ್ನನ್ನು ಖುರ್ಚಿಯ ಹಿಂದೆ ನಿಲ್ಲಿಸಿ, ತಲೆ ಗಟ್ಟಿ ಹಿಡಿಯಿರಿ ಎಂದರು. ಹಿಡಿದೆ. ಹಲ್ಲು ಅಳ್ಳಾಡುತ್ತಿದ್ದದ್ದು ನಿಜ, ಆದರೆ ಒಂದು ಬೇರು ಬಿಟ್ಟುಕೊಡಲಿಲ್ಲ. ಅವ್ವ ಮೊದಲು ಸೆರಗಿನ ಗಂಟನ್ನು ಹಿಂಡುತ್ತಿದ್ದಳು. ಆಮೇಲೆ ಕಾಲು ಬಡಿದಳು. ಆಮೇಲೆ ಒದರಿದಳು. ನಾಲ್ಕು ಮಗ್ಗಗಳ ನಡುವೆ ಜೀವ ಸವೆಸಿದ ಆ ಹೆಂಗಸು ಹಾಗೆ ಒದರಿದ್ದನ್ನು ನಾನು ಕೇಳಿರಲೇ ಇಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ಬಾಗಿಲಿಗೆ ಬಂದು ಇಣುಕಿದರು. ನನ್ನ ಎರಡು ಅಂಗೈಗಳ ನಡುವೆ ಅವಳ ತಲೆ ನಡುಗುತ್ತಿತ್ತು. ನಾನು ಆ ತಲೆಯನ್ನು ಬಿಡಲಿಲ್ಲ, ಬಿಟ್ಟಿದ್ದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಿತ್ತು.

ಹಲ್ಲು ಬಂತು. ಡಾಕ್ಟರು ಅರಳೆ ಇಟ್ಟು ಕಚ್ಚಿಸಿ, ಕೈ ತೊಳೆಯಲು ಹೋದವರು ಬಹಳ ಹೊತ್ತು ತಿರುಗಿ ಬರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕುಳಿತೆವು. ಅವ್ವನ ಮುಖ ಬೆವರಿನಿಂದ ತೊಯ್ದಿತ್ತು. ನಾನು ಯಾರನ್ನು ಬೈಯಬೇಕೋ ತಿಳಿಯದೆ ಎಲ್ಲರನ್ನೂ ಬೈಯುತ್ತಿದ್ದೆ, ಆ ಸೂಜಿಯನ್ನು, ಆ ನಿಯಮವನ್ನು, ಕುಪ್ಪಸದ ಬಟ್ಟೆ ಆರಿಸುತ್ತ ಕುಳಿತಿದ್ದ ನನ್ನನ್ನು. ಅವ್ವ ನನ್ನ ಮೊಣಕೈ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅರಳೆ ಕಚ್ಚಿಕೊಂಡೇ, ಕೆಂಪಾದ ಬಾಯಲ್ಲಿ ನಕ್ಕಳು.

"ನಾ ಒದರಿದ್ದು ನನಗ ಕೇಳ್ತು ನೋಡ. ಪೂರಾ ಕೇಳ್ತು."